ಹಳೆಯ ಲಾರಿಯ ಇಂಜೆಕ್ಟರ್ ಬದಲಿಸುವ ಮುನ್ನ

ಮಳೆ ಹಿಂದೆ ಸರಿದು, ಅಡಿಕೆಗೆ ಕೊನೆಗಾರರನ್ನು ಗೊತ್ತು ಮಾಡುವ, ಕಾಫಿ ಕಣ ಗುಡಿಸುವ ಹೊತ್ತಿಗೆ ನಮ್ಮಲ್ಲಿ ಹಲವರಿಗೆ ಇನ್ನೊಂದು ಕೆಲಸವೂ ನೆನಪಾಗುತ್ತದೆ. ಜೂನ್ ತಿಂಗಳಿನಿಂದ ಮಾಡಿನಡಿ ನಿಂತೇ ಇದ್ದ ಹಳೆಯ ಲಾರಿಯನ್ನು ಹೊರಗೆ ತೆಗೆಯಬೇಕು. ಬ್ಯಾಟರಿಗೆ ಚಾರ್ಜು ಮಾಡಿಸಿ ಕೀಲಿ ತಿರುಗಿಸಿದರೆ ಎಂಜಿನ್ನು ಬಹಳ ಹೊತ್ತು ಗೋಳಾಡಿ, ಅಂಗಳ ತುಂಬ ಬಿಳಿ ಹೊಗೆ ಬಿಟ್ಟು, ಕಾಲು ಕುಂಟುವ ಎತ್ತಿನಂತೆ ಓಡತೊಡಗುತ್ತದೆ. ಪೇಟೆಯಿಂದ ಬಂದ ಮೇಸ್ತ್ರಿ ಬಾನೆಟ್ಟು ಎತ್ತಿ, ಕಿವಿಗೊಟ್ಟು ಕೇಳಿ, "ನೋಜಲ್ ಹೋಗಿದೆ ಸ್ವಾಮಿ, ನಾಲ್ಕೂ ಹಾಕಿಬಿಡೋಣ" ಎನ್ನುತ್ತಾರೆ. ನಾವು ಹೂಂ ಎನ್ನುತ್ತೇವೆ.

ಹಾಗೆ ಹೂಂ ಎಂದು ಕೈಸುಟ್ಟುಕೊಂಡವರಲ್ಲಿ ನಾವೂ ಸೇರಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ 407 ಗಾಡಿಗೆ ನಾಲ್ಕೂ ಹೊಸ ನೋಜಲ್ ಹಾಕಿಸಿದೆವು. ಗಾಡಿ ಹೊಸದರಂತೆ ಓಡಿತು. ಮೂರನೆಯ ತಿಂಗಳು, ಕಾಫಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಮತ್ತೆ ಅದೇ ಕುಂಟು, ಅದೇ ಹೊಗೆ. ಬಿಚ್ಚಿ ನೋಡಿದರೆ ಹೊಸ ನೋಜಲುಗಳ ಪೈಕಿ ಎರಡರ ಸೂಜಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೇಸ್ತ್ರಿಯನ್ನೂ ಬೈದೆವು, ನೋಜಲ್ ಕೊಟ್ಟ ಅಂಗಡಿಯವರನ್ನೂ ಬೈದೆವು. ಕೊನೆಗೆ ಕಳ್ಳ ಸಿಕ್ಕಿದ್ದು ನಮ್ಮದೇ ಮನೆಯ ಹಿಂದೆ, ಡೀಸೆಲ್ ಡ್ರಮ್ಮಿನೊಳಗೆ. ಆ ವಿಷಯಕ್ಕೆ ಆಮೇಲೆ ಬರುತ್ತೇವೆ. ಸದಸ್ಯರಲ್ಲಿ ಅನೇಕರು ಇದೇ ದಾರಿಯಲ್ಲಿ ಹಣ ಕಳೆದುಕೊಳ್ಳುತ್ತಿರುವುದನ್ನು ಕಂಡು ಇದನ್ನು ಬರೆಯುತ್ತಿದ್ದೇವೆ.

ಇಲ್ಲಿ ಹೇಳುವುದೆಲ್ಲ ಪಂಪಿನ ಒತ್ತಡದಿಂದಲೇ ನೋಜಲ್ ತೆರೆಯುವ ಹಳೆಯ ಗಾಡಿಗಳ ಮಾತು. 1986ರಲ್ಲಿ ರಸ್ತೆಗಿಳಿದ ಟಾಟಾ 407ರ ಹಳೆಯ ಮಾದರಿಗಳು, ಅದಕ್ಕೂ ಹಿಂದಿನ 1210 ಲಾರಿಗಳು, ಹಳೆಯ ಡೀಸೆಲ್ ಜೀಪುಗಳು ಈ ಜಾತಿಯವು. ಕಂಪ್ಯೂಟರಿನಿಂದ ನಡೆಯುವ 'ಕಾಮನ್ ರೈಲ್' ಎಂಜಿನ್ನಿನ ಹೊಸ ಗಾಡಿಗಳಿಗೆ ಇದಾವುದೂ ಅನ್ವಯಿಸುವುದಿಲ್ಲ. ಅವುಗಳ ಪೈಪಿನೊಳಗಿನ ಒತ್ತಡ ಸಾವಿರ ಬಾರ್ ದಾಟಬಲ್ಲದು. ಎಂಜಿನ್ ಓಡುತ್ತಿರುವಾಗ ಆ ಪೈಪಿನ ನಟ್ಟಿಗೆ ಪಾನಾ ಹಾಕುವುದೆಂದರೆ ಪ್ರಾಣಕ್ಕೇ ಅಪಾಯ. ಅಂತಹ ಗಾಡಿ ಇರುವವರು ಮುಂದಿನದನ್ನು ತಿಳಿವಳಿಕೆಗಾಗಿ ಮಾತ್ರ ಓದಬೇಕಾಗಿ ವಿನಂತಿ.

ಇಂಜೆಕ್ಟರ್ ಬೇರೆ, ನೋಜಲ್ ಬೇರೆ

ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಇಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನೇಳನೆಯ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಅಷ್ಟಕ್ಕೇ ಆ ಗಾಳಿ 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುತ್ತದೆ. ಅದರೊಳಕ್ಕೆ ಡೀಸೆಲನ್ನು ಮಂಜಿನಂತೆ ಎರಚಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎರಚುವ ಕೆಲಸ ಇಂಜೆಕ್ಟರಿನದು.

ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿ ಗೊತ್ತಿರುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಿಂಪಡಣೆಯ ನೋಜಲ್ ಸರಿಯಿದ್ದರೆ ದ್ರಾವಣ ಹೊಗೆಯಂತೆ ಹರಡಿ ಕೊನೆಗೆಲ್ಲ ಮೆತ್ತಿಕೊಳ್ಳುತ್ತದೆ. ಸವೆದಿದ್ದರೆ ದಾರದಂತೆ ಒಂದೇ ಕಡೆ ಬಿದ್ದು ಹರಿದುಹೋಗುತ್ತದೆ. ಖರ್ಚು ಹೆಚ್ಚು, ಕೆಲಸ ಕಡಿಮೆ. ಎಂಜಿನ್ನಿನಲ್ಲಿಯೂ ಹಾಗೆಯೇ. ಒಂದು ವ್ಯತ್ಯಾಸವೆಂದರೆ, ಅಲ್ಲಿ ಮೈಲುತುತ್ತು ಮಣ್ಣುಪಾಲಾಗುತ್ತದೆ, ಇಲ್ಲಿ ಎಂಜಿನ್ನೇ ಹಾಳಾಗುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ತೆಳ್ಳಗಾಗಿ ಬೇರಿಂಗು ಸವೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ತೊಟ್ಟಿಕ್ಕುವ ನೋಜಲಿನ ಕೆಳಗೆ ಪಿಸ್ಟನ್ನಿನ ತಲೆಯ ಮೇಲೆ ಒಂದೇ ಜಾಗದಲ್ಲಿ ಬೆಂಕಿ ಉರಿದು ಅಲ್ಲಿ ತೂತು ಬೀಳುವುದೂ ಉಂಟು. ಆಗ ನೋಜಲಿನ ಖರ್ಚು ಹೋಗಿ ಇಡೀ ಎಂಜಿನ್ ಬಿಚ್ಚುವ ಖರ್ಚು ಬರುತ್ತದೆ. ಆದುದರಿಂದ ಕೊಯಿಲು ಮುಗಿಯಲಿ, ಆಮೇಲೆ ನೋಡೋಣ ಎಂದು ಕುಂಟುವ ಗಾಡಿಯನ್ನೇ ಮಾರ್ಚ್‌ವರೆಗೆ ಓಡಿಸುವುದು ಬೇಡ.

ಇಂಜೆಕ್ಟರ್ ಎಂದು ನಾವು ಕರೆಯುವುದು ಎರಡು ಭಾಗಗಳ ಜೋಡಣೆ. ಮೇಲಿನದು ಹೋಲ್ಡರು, ಅದರೊಳಗೆ ಒಂದು ಗಟ್ಟಿ ಸ್ಪ್ರಿಂಗು. ತುದಿಯಲ್ಲಿ ಇರುವುದು ನೋಜಲ್, ಅದರೊಳಗೆ ಒಂದು ಸೂಜಿ. ಸ್ಪ್ರಿಂಗು ಸೂಜಿಯನ್ನು ಒತ್ತಿಹಿಡಿದಿರುತ್ತದೆ. ಪಂಪಿನಿಂದ ಬರುವ ಡೀಸೆಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದ ಕ್ಷಣ ಸೂಜಿ ಏಳುತ್ತದೆ, ತುದಿಯ ನಾಲ್ಕೈದು ತೂತುಗಳಿಂದ ಡೀಸೆಲ್ ಚಿಮ್ಮುತ್ತದೆ, ಒತ್ತಡ ಇಳಿದೊಡನೆ ಸೂಜಿ ಪಟಕ್ಕನೆ ಕೂರುತ್ತದೆ. ಲಾರಿಗಳಲ್ಲಿರುವ ನೇರ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಸೂಜಿ ಏಳುವ ಒತ್ತಡ ಸಾಮಾನ್ಯವಾಗಿ 175ರಿಂದ 250 ಬಾರ್. ನಿಮ್ಮ ಗಾಡಿಗೆ ಎಷ್ಟೆಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ. ನಿಮಿಷಕ್ಕೆ 2400 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದೊಂದು ಸೂಜಿಯೂ ನಿಮಿಷಕ್ಕೆ 1200 ಸಲ ಎದ್ದು ಕೂರಬೇಕು. ಸೂಜಿಗೂ ಅದು ಆಡುವ ಕೊಳವೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ನಮ್ಮ ತಲೆಗೂದಲು ಅದರ ಇಪ್ಪತ್ತು ಪಟ್ಟಿಗಿಂತಲೂ ದಪ್ಪ. ಇಷ್ಟು ಸಣ್ಣ ಸಂದಿಗೆ ಒಂದು ಹನಿ ನೀರು, ಕಣ್ಣಿಗೆ ಕಾಣದ ಒಂದು ಮರಳಿನ ಕಣ ಹೋದರೂ ಏನಾಗುತ್ತದೆಂಬುದನ್ನು ಊಹಿಸಬಹುದು.

ಈ ಸೂಕ್ಷ್ಮ ಕೆಲಸ ನಮ್ಮ ರಾಜ್ಯದಲ್ಲಿಯೇ ನಡೆದುಕೊಂಡು ಬಂದಿರುವುದು ಸಂತೋಷದ ಸಂಗತಿ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನೋಜಲುಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆದರೆ ಮೇಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ 'ಮೈಕೋ'ನೇ.

ಖರ್ಚಿನ ದೃಷ್ಟಿಯಿಂದ ಮುಖ್ಯವಾದ ಮಾತು ಇದು: ಸವೆಯುವುದು ಬಹುಮಟ್ಟಿಗೆ ನೋಜಲ್ ಮಾತ್ರ. ಹೋಲ್ಡರು ಬಹುಕಾಲ ಬಾಳುತ್ತದೆ. "ಇಂಜೆಕ್ಟರ್ ಬದಲಿಸಬೇಕು" ಎಂದು ಯಾರಾದರೂ ಹೇಳಿದರೆ, ಪೂರ್ತಿ ಇಂಜೆಕ್ಟರೇ ಅಥವಾ ನೋಜಲ್ ಮಾತ್ರವೇ ಎಂದು ಕೇಳಿ. ಹೋಲ್ಡರಿನ ಮೈ ಒಡೆದಿಲ್ಲ, ಮರೆ ಹಾಳಾಗಿಲ್ಲ, ಸ್ಪ್ರಿಂಗು ಮುರಿದಿಲ್ಲವೆಂದರೆ ಹೊಸ ನೋಜಲ್ ಹಾಕಿ ಒತ್ತಡ ಹೊಂದಿಸಿದರೆ ಸಾಕು.

ಕೆಟ್ಟಿರುವುದು ಇಂಜೆಕ್ಟರೇ ಹೌದೇ?

ಹೊಗೆ ಕಂಡೊಡನೆ ನೋಜಲಿನ ಮೇಲೆ ಗುಮಾನಿ ಪಡುವುದು ವಾಡಿಕೆ. ಆದರೆ ಕರಿ ಹೊಗೆಗೆ ಮೊದಲ ಕಾರಣ ಏರ್ ಫಿಲ್ಟರಿನ ಧೂಳೂ ಆಗಿರಬಹುದು. ಕಾಫಿ ಕಣದಲ್ಲಿ, ತೋಟದ ಮಣ್ಣು ರಸ್ತೆಯಲ್ಲಿ ಓಡುವ ಗಾಡಿಯ ಫಿಲ್ಟರು ಪೇಟೆಯ ಗಾಡಿಯದಕ್ಕಿಂತ ಬೇಗ ಕಟ್ಟುತ್ತದೆ. ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟಿದ್ದನ್ನೂ ನಾವು ಕಂಡಿದ್ದೇವೆ. ಅದನ್ನು ನೋಡುವುದಕ್ಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ. ಹೊಗೆಯಿಲ್ಲದೆ ಏರಿನಲ್ಲಿ ಎಳೆತ ಮಾತ್ರ ಕಡಿಮೆಯಾದರೆ ಡೀಸೆಲ್ ಫಿಲ್ಟರು ಕಟ್ಟಿರುವ ಸಂಭವ ಹೆಚ್ಚು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಅದಕ್ಕೆ ನೋಜಲ್ ಬದಲಿಸಿ ಪ್ರಯೋಜನವಿಲ್ಲ. ಬೆಳಗ್ಗೆ ತಣ್ಣಗಿರುವಾಗ ಡೀಸೆಲ್ ನಾತ ಹೊಡೆಯುವ ಬಿಳಿ ಹೊಗೆ, ಟಕಟಕ ಎನ್ನುವ ನಾಕಿಂಗು, ಒಂದು ಸಿಲಿಂಡರು ತಪ್ಪಿ ಓಡುವುದು, ಹಾಕದೆಯೇ ಆಯಿಲ್ ಮಟ್ಟ ಏರುವುದು, ಇವು ನೋಜಲಿನ ಕಡೆ ಬೆರಳು ತೋರಿಸುವ ಲಕ್ಷಣಗಳು.

ಯಾವ ಸಿಲಿಂಡರು ತಪ್ಪುತ್ತಿದೆ ಎಂದು ತಿಳಿಯಲು ಹಳೆಯ ಮೇಸ್ತ್ರಿಗಳ ಒಂದು ಪರೀಕ್ಷೆಯಿದೆ. ಎಂಜಿನ್ನನ್ನು ನಿಧಾನ ಓಟದಲ್ಲಿ ಬಿಟ್ಟು, ಪಂಪಿನಿಂದ ಬರುವ ಪೈಪು ಇಂಜೆಕ್ಟರಿಗೆ ಸೇರುವ ಕಡೆಯ ನಟ್ಟನ್ನು ಅರ್ಧ ಸುತ್ತು ಸಡಿಲಿಸುವುದು. ಅದಕ್ಕೆ ಸಾಮಾನ್ಯವಾಗಿ 17 ಅಥವಾ 19ರ ಪಾನಾ ಬೇಕು. ಡೀಸೆಲ್ ಹೊರಗೆ ಹೋಗುವುದರಿಂದ ಆ ಸಿಲಿಂಡರು ನಿಲ್ಲುತ್ತದೆ. ಚೆನ್ನಾಗಿ ಓಡುತ್ತಿದ್ದ ಸಿಲಿಂಡರಾದರೆ ಎಂಜಿನ್ನಿನ ಓಟ ಕುಗ್ಗಿ ನಡುಕ ಹೆಚ್ಚುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲವೆಂದಾಯಿತು. ನಟ್ಟು ಬಿಗಿದು ಮುಂದಿನದಕ್ಕೆ ಹೋಗಬೇಕು.

ಇಷ್ಟಕ್ಕೇ ತೀರ್ಪು ಕೊಡುವುದು ಮಾತ್ರ ತಪ್ಪು. ಸಿಲಿಂಡರು ಕೆಲಸ ಮಾಡದಿರಲು ವಾಲ್ವು ಸುಟ್ಟಿರಬಹುದು, ರಿಂಗು ಸವೆದಿರಬಹುದು, ಪಂಪಿನಿಂದಲೇ ಡೀಸೆಲ್ ಬರದಿರಬಹುದು. ಆದುದರಿಂದ ಎಂಜಿನ್ ನಿಲ್ಲಿಸಿ, ಆ ಸಿಲಿಂಡರಿನ ಇಂಜೆಕ್ಟರನ್ನು ಪಕ್ಕದ್ದಕ್ಕೆ, ಪಕ್ಕದ್ದನ್ನು ಇದಕ್ಕೆ ಅದಲುಬದಲು ಮಾಡಿ ಮತ್ತೆ ಪರೀಕ್ಷಿಸಬೇಕು. ದೋಷವೂ ಇಂಜೆಕ್ಟರಿನ ಜತೆಗೆ ಪಕ್ಕಕ್ಕೆ ಹೋಯಿತೋ, ನೋಜಲ್ ಕೆಟ್ಟಿದೆ. ದೋಷ ಇದ್ದಲ್ಲಿಯೇ ಉಳಿಯಿತೋ, ನೋಜಲ್ ನಿರಪರಾಧಿ. ಹೊಸದು ಕೊಂಡು ಹಣ ಕಳೆಯಬೇಡಿ. ಈ ಅದಲುಬದಲಿಗೆ ಒಂದೆರಡು ಗಂಟೆ ಹಿಡಿಯುವುದರಿಂದ ಅನೇಕ ಮೇಸ್ತ್ರಿಗಳು ಅದನ್ನು ಬಿಟ್ಟುಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಕೂಲಿ ಕೊಡುತ್ತೇವೆಂದು ಹೇಳಿ ಮಾಡಿಸಬೇಕಾದವರು ನಾವು.

ಕೈಯ ಬಗ್ಗೆ ಎಚ್ಚರ

ಮುಂದೆ ಹೋಗುವ ಮುನ್ನ ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಗಾಡಿ ಓಡಿಸುವ ಹುಡುಗನಿಗೂ ಓದಿ ಹೇಳಿ. ನೋಜಲಿನಿಂದ, ಅಥವಾ ಕೂದಲೆಳೆಯಷ್ಟು ಬಿರುಕು ಬಿಟ್ಟ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ನೋವು ಮೊದಲಿಗೆ ಮುಳ್ಳು ಚುಚ್ಚಿದಷ್ಟೇ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಗುರುತು, ರಕ್ತ ಬರದಿರಲೂಬಹುದು. ಆದರೆ ಒಳಗೆ ಡೀಸೆಲ್ ನರ, ಸ್ನಾಯುಗಳ ಸಂದಿನಲ್ಲಿ ಹರಡಿ ಮಾಂಸವನ್ನು ಕೊಲ್ಲುತ್ತದೆ. ಕೆಲವು ಗಂಟೆಗಳಲ್ಲಿ ಕೈ ಊದಿಕೊಳ್ಳುತ್ತದೆ. ತಡಮಾಡಿದರೆ ಬೆರಳನ್ನೋ ಕೈಯನ್ನೋ ತೆಗೆಯಬೇಕಾದ ಸ್ಥಿತಿ ಬರುತ್ತದೆ. ಅರಿಸಿನ ಹಚ್ಚಿ, ಟಿ.ಟಿ. ಇಂಜೆಕ್ಷನ್ ಹಾಕಿಸಿ ಮನೆಗೆ ಬರುವ ಗಾಯ ಇದಲ್ಲ. ಆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, "ಒತ್ತಡದಲ್ಲಿ ಡೀಸೆಲ್ ಕೈಯೊಳಗೆ ನುಗ್ಗಿದೆ" ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಗಾಯ ಸಣ್ಣದಾಗಿ ಕಾಣುವುದರಿಂದ ಹೇಳದಿದ್ದರೆ ಅವರಿಗೂ ಅಂದಾಜಾಗುವುದು ಕಷ್ಟ.

ಪೈಪು ಸೋರುತ್ತಿದೆಯೇ ಎಂದು ಬೆರಳು ಸವರಿ ನೋಡುವ ಅಭ್ಯಾಸ ನಮ್ಮಲ್ಲಿ ಬಹಳ. ಅದನ್ನು ಇಂದೇ ಬಿಡಬೇಕು. ಒಂದು ರಟ್ಟಿನ ತುಂಡನ್ನು ಹಿಡಿದು ನೋಡಿದರೆ ಒದ್ದೆಯಾದ ಕಡೆ ಸೋರಿಕೆ ಇದೆಯೆಂದು ತಿಳಿಯುತ್ತದೆ. ನಟ್ಟು ಸಡಿಲಿಸುವ ಪರೀಕ್ಷೆಯನ್ನು ಆಕ್ಸಲೇಟರ್ ಒತ್ತಿ ಮಾಡಕೂಡದು. ಕಣ್ಣಿಗೆ ಕನ್ನಡಕವಿರಲಿ, ಪಾನಾ ಹಿಡಿದ ಕೈಯನ್ನು ನಟ್ಟಿನ ಮೇಲಕ್ಕೆ ತರಬೇಡಿ. ಎಂಜಿನ್ನಿನಿಂದ ಹೊರತೆಗೆದ ಇಂಜೆಕ್ಟರನ್ನು ಪೈಪಿಗೆ ಸಿಕ್ಕಿಸಿ, ಸ್ಟಾರ್ಟರ್ ಹೊಡೆದು, ಎರಚುವುದನ್ನು ನೋಡುವ ಸಾಹಸವನ್ನೂ ಕೆಲವರು ಮಾಡುತ್ತಾರೆ. ಅದು ಬೇಡವೇ ಬೇಡ.

ಬಿಚ್ಚುವ ಕೆಲಸ

ಎಂಜಿನ್ ತಣ್ಣಗಾಗಿರಬೇಕು. ಪಾನಾ ಮುಟ್ಟುವ ಮುನ್ನ ಇಂಜೆಕ್ಟರಿನ ಸುತ್ತಲಿನ ಮಣ್ಣು, ಜಿಡ್ಡುಗಳನ್ನು ಬ್ರಶ್ಶು ಮತ್ತು ಡೀಸೆಲಿನಿಂದ ತೊಳೆದು, ಸಾಧ್ಯವಾದರೆ ಗಾಳಿ ಹೊಡೆಸಿ ಒಣಗಿಸಿ. ಬಿಚ್ಚಿದ ಮೇಲೆ ತೊಳೆದರೆ ಕಸವೆಲ್ಲ ಸಿಲಿಂಡರಿನೊಳಕ್ಕೇ ಹೋಗುತ್ತದೆ. ಕೆಲಸದಲ್ಲಿ ಅರ್ಧ ಭಾಗ ಈ ಶುಚಿಯೇ ಎಂದರೂ ತಪ್ಪಲ್ಲ.

ಪೈಪುಗಳನ್ನು ಎರಡು ತುದಿಯಲ್ಲೂ ಸಡಿಲಿಸಿ, ಬಗ್ಗಿಸದೆ ತೆಗೆಯಿರಿ. ಎಲ್ಲ ಪೈಪುಗಳ ಉದ್ದವೂ ಒಂದೇ ಇರುವಂತೆ ಮಾಡಿರುತ್ತಾರೆ. ಅದಕ್ಕಾಗಿಯೇ ಹತ್ತಿರದ ಸಿಲಿಂಡರಿನ ಪೈಪಿಗೆ ಸುಮ್ಮನೆ ಕಾಣುವ ಸುತ್ತು ಕೊಟ್ಟಿರುವುದು. ಯಾವುದು ಯಾವ ಸಿಲಿಂಡರಿನದೆಂದು ದಾರ ಕಟ್ಟಿ ಗುರುತು ಮಾಡಿ. ತೆರೆದ ಬಾಯಿಗಳಿಗೆಲ್ಲ ಶುಭ್ರವಾದ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಕು. ಹತ್ತಿಯ ವೇಸ್ಟು ತುರುಕಿದರೆ ಅದರ ಎಳೆಗಳೇ ನೋಜಲಿಗೆ ಯಮನಾಗುತ್ತವೆ. ಮಿಕ್ಕ ಡೀಸೆಲ್ ಟ್ಯಾಂಕಿಗೆ ಮರಳುವ ಸಣ್ಣ ಪೈಪನ್ನು ಬಿಚ್ಚುವಾಗ ಅದರ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರುಗಳು ಎಲ್ಲಿ ಬೀಳುತ್ತವೆಂದು ಕಣ್ಣಿಟ್ಟಿರಿ.

ಕ್ಲಾಂಪು ತೆಗೆದ ಮೇಲೆ ಇಂಜೆಕ್ಟರು ಸುಲಭವಾಗಿ ಬಂದರೆ ಅದೃಷ್ಟ. ವರ್ಷಗಟ್ಟಲೆ ಮುಟ್ಟದ ಗಾಡಿಯಲ್ಲಿ ಇಂಗಾಲ ಕಟ್ಟಿ ಅದು ಬೇರುಬಿಟ್ಟಂತೆ ಕೂತಿರುತ್ತದೆ. ಸುತ್ತಲೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಪಾನಾ ಹಿಡಿದು ಸ್ವಲ್ಪ ಆಚೆಗೆ, ಸ್ವಲ್ಪ ಈಚೆಗೆ ತಿರುಗಿಸುತ್ತ ಸಡಿಲಿಸಬೇಕು. ಹಾರೆಕೋಲು ಹಾಕಿ ಮೀಟಿದರೆ ಹೆಡ್ಡು ಬಿರುಕು ಬಿಟ್ಟೀತು. ಬಗ್ಗದಿದ್ದರೆ ಎಳೆಯುವ ಸಾಧನ ಇರುವ ಗ್ಯಾರೇಜಿಗೆ ಕೊಡುವುದೇ ವಾಸಿ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಇಂಜೆಕ್ಟರು ಹೊರಬಂದಾಗ ಅದರ ತಳದ ತಾಮ್ರದ ವಾಷರು ಹೆಚ್ಚಾಗಿ ಕುಳಿಯಲ್ಲಿಯೇ ಅಂಟಿಕೊಂಡು ಉಳಿಯುತ್ತದೆ. ಕಪ್ಪಾಗಿರುವುದರಿಂದ ಕಾಣುವುದೇ ಇಲ್ಲ. ಅದರ ಮೇಲೆಯೇ ಹೊಸ ವಾಷರು ಇಟ್ಟರೆ ನೋಜಲಿನ ತುದಿ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ, ಎರಚು ಪಿಸ್ಟನ್ನಿನ ಬಟ್ಟಲಿಗೆ ಸರಿಯಾಗಿ ಬೀಳುವುದಿಲ್ಲ, ಹೊಸ ನೋಜಲ್ ಹಾಕಿಯೂ ಹೊಗೆ ನಿಲ್ಲುವುದಿಲ್ಲ. ಟಾರ್ಚು ಹಾಕಿ ನೋಡಿ, ತುದಿ ಬಗ್ಗಿಸಿದ ತಂತಿಯಿಂದ ಹಳೆಯದನ್ನು ಎತ್ತಿ, ನಾಲ್ಕನ್ನೂ ಎಣಿಸಿ ಮೇಜಿನ ಮೇಲಿಡಿ. ಆಮೇಲೆ ಬಟ್ಟೆ ಸುತ್ತಿದ ಮರದ ಕಡ್ಡಿಗೆ ಗ್ರೀಸು ಹಚ್ಚಿ ಕುಳಿಯ ಇಂಗಾಲವನ್ನು ಒರೆಸಿ ತೆಗೆಯಿರಿ.

ಪರೀಕ್ಷೆಯ ಮೇಜಿನ ಮೇಲೆ

ಬಿಚ್ಚಿದ ಇಂಜೆಕ್ಟರುಗಳನ್ನು ಡೀಸೆಲ್ ಪಂಪು ರಿಪೇರಿ ಅಂಗಡಿಗೆ ಒಯ್ಯಬೇಕು. ತುದಿಗಳಿಗೆ ಬಟ್ಟೆ ಸುತ್ತಿ, ಒಂದಕ್ಕೊಂದು ತಾಗದಂತೆ ಒಯ್ಯಿರಿ. ಮನೆಯಲ್ಲಿ ತಂತಿಬ್ರಶ್ಶಿನಿಂದ ತುದಿ ಉಜ್ಜುವುದು, ತೂತಿಗೆ ಪಿನ್ನು ಹಾಕುವುದು ಮಾಡಿದರೆ ಒಳ್ಳೆಯದೂ ಹಾಳಾಗುತ್ತದೆ. ಆ ತೂತುಗಳ ಅಗಲ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಮಾತ್ರ.

ಅಂಗಡಿಯಲ್ಲಿ ಕೈಯಿಂದ ಒತ್ತುವ ಪಂಪು, ಅದಕ್ಕೊಂದು ಒತ್ತಡದ ಮೀಟರು ಇರುವ ಸಣ್ಣ ಯಂತ್ರಕ್ಕೆ ಇಂಜೆಕ್ಟರನ್ನು ಸಿಕ್ಕಿಸುತ್ತಾರೆ. ಬಿಟ್ಟುಬಂದು ಸಂಜೆ ಹೋಗಿ ತರುವುದಕ್ಕಿಂತ, ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು. ಎಷ್ಟು ಬಾರಿಗೆ ಸೂಜಿ ಏಳುತ್ತದೆ ಎಂಬುದನ್ನು ಮೀಟರು ಹೇಳುತ್ತದೆ. ಎಲ್ಲ ತೂತುಗಳಿಂದಲೂ ಸಮನಾಗಿ, ಮಂಜಿನಂತೆ ಬರಬೇಕು. ಒಂದು ಕಡೆ ದಾರದಂತೆ ಬಂದರೆ ಸಲ್ಲದು. ಬಹಳಷ್ಟು ಒಳ್ಳೆಯ ನೋಜಲುಗಳು ಎರಚುವಾಗ ಕಿರ್ರೆಂದು ಸದ್ದು ಮಾಡುತ್ತವೆ, ಕಿವಿ ಪಳಗಿದವರು ಸದ್ದಿನಲ್ಲೇ ಹೇಳಿಬಿಡುತ್ತಾರೆ. ಕೊನೆಯದಾಗಿ ತೊಟ್ಟಿಕ್ಕುವ ಪರೀಕ್ಷೆ. ಸೂಜಿ ಏಳುವ ಒತ್ತಡಕ್ಕಿಂತ 20 ಬಾರ್ ಕಡಿಮೆಯಲ್ಲಿ ಹಿಡಿದು ಹತ್ತು ಸೆಕೆಂಡು ಕಾದರೆ ತುದಿಯಿಂದ ಹನಿ ಬೀಳಬಾರದು. ಪಿಸ್ಟನ್ನಿಗೆ ತೂತು ಬೀಳಿಸುವುದು ಈ ಹನಿಯೇ ಆದುದರಿಂದ ಈ ಒಂದು ಪರೀಕ್ಷೆಯನ್ನು ಬಿಟ್ಟುಕೊಡಬೇಡಿ.

ಸ್ಪ್ರಿಂಗು ಸೋತು ಒತ್ತಡ ಮಾತ್ರ ಇಳಿದಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಹೊಸ ನೋಜಲ್ ಬೇಕಿಲ್ಲ. ಒಳಗೆ ತೆಳುವಾದ ಬಿಲ್ಲೆ ಸೇರಿಸಿಯೋ, ತಿರುಪು ಬಿಗಿಮಾಡಿಯೋ ಒತ್ತಡವನ್ನು ಮೇಲಕ್ಕೆ ತರುತ್ತಾರೆ. ನೋಜಲ್ ಹಾಕಲೇಬೇಕೆಂದಾದರೆ ಹಳೆಯದರ ಮೈಮೇಲೆ ಕೆತ್ತಿದ ಅಕ್ಷರ, ಅಂಕಿಗಳನ್ನು ಬರೆದುಕೊಂಡು ಅದನ್ನೇ ಕೇಳಬೇಕು. ಲಾರಿಗಳ ನೋಜಲಿನಲ್ಲಿ ಸಾಮಾನ್ಯವಾಗಿ 'ಡಿಎಲ್‌ಎಲ್‌ಎ' ಎಂಬ ಅಕ್ಷರಗಳೂ ಅವುಗಳ ಮುಂದೆ ಮೂರಂಕಿಯ ಒಂದು ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆ ಎರಚು ಎಷ್ಟು ಡಿಗ್ರಿ ಕೋನದಲ್ಲಿ ಹರಡುತ್ತದೆ ಎಂಬುದರ ಲೆಕ್ಕ. "ಇದೂ ಕೂರುತ್ತೆ, ಏನೂ ಆಗಲ್ಲ" ಎಂದು ಬೇರೆ ಸಂಖ್ಯೆಯದನ್ನು ಕೊಟ್ಟರೆ ಒಪ್ಪಬೇಡಿ. ಕೂರುವುದೇನೋ ನಿಜ, ಆದರೆ ಡೀಸೆಲ್ ಬೀಳಬೇಕಾದ ಕಡೆ ಬೀಳುವುದಿಲ್ಲ. ಒಂದರ ಸೂಜಿಯನ್ನು ಇನ್ನೊಂದರ ಮೈಗೆ ಹಾಕುವುದೂ ಸಲ್ಲ, ಪ್ರತಿಯೊಂದು ಜೋಡಿಯನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ. ನಕಲಿ ಮಾಲು ಪೇಟೆಯಲ್ಲಿ ಇರುವುದರಿಂದ ರಸೀದಿ ಇಲ್ಲದೆ ಕೊಳ್ಳಬೇಡಿ.

ನಾಲ್ಕರಲ್ಲಿ ಒಂದೇ ಕೆಟ್ಟಿದ್ದರೆ ಒಂದನ್ನೇ ಹಾಕಬಹುದೇ ಎಂದು ಕೇಳುವವರುಂಟು. ಉಳಿದ ಮೂರೂ ಮೇಜಿನ ಪರೀಕ್ಷೆಯಲ್ಲಿ ಗೆದ್ದು, ನಾಲ್ಕರ ಒತ್ತಡವನ್ನೂ ಸಮ ಮಾಡಿಸಿದರೆ ಧಾರಾಳವಾಗಿ ಹಾಕಬಹುದು. ಲಕ್ಷಗಟ್ಟಲೆ ಕಿಲೋಮೀಟರು ಓಡಿದ ಗಾಡಿಯಾಗಿದ್ದರೆ ನಾಲ್ಕನ್ನೂ ಒಮ್ಮೆಗೇ ಹಾಕಿಸುವುದು ಲಾಭ, ಬಿಚ್ಚುವ ಕೂಲಿ ಎರಡು ಸಲ ಬೀಳುವುದಿಲ್ಲ. ವರ್ಷಕ್ಕೊಮ್ಮೆ ಎಫ್.ಸಿ.ಗೆ ಹೋಗಬೇಕಾದ ಹಳೆಯ ಗಾಡಿಗಳಿಗೆ ಹೊಗೆಯ ಪರೀಕ್ಷೆಯೂ ಇದೆ. ಬಿ.ಎಸ್. 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ 65 ಹಾರ್ಟ್‌ರಿಜ್ ಅಂಕದ ಮಿತಿ. ನೋಜಲಿನ ಕೆಲಸವನ್ನು ಅದಕ್ಕೆ ಸ್ವಲ್ಪ ಮುಂಚೆ ಇಟ್ಟುಕೊಂಡರೆ ಎರಡೂ ಸಲೀಸು.

ಮತ್ತೆ ಜೋಡಿಸುವುದು

ಒಂದೊಂದು ಕುಳಿಗೆ ಒಂದೇ ಒಂದು ಹೊಸ ತಾಮ್ರದ ವಾಷರು, ಪುಸ್ತಕದಲ್ಲಿ ಹೇಳಿದಷ್ಟೇ ದಪ್ಪದ್ದು. ಕ್ಲಾಂಪಿಗೆ ಎರಡು ನಟ್ಟಿದ್ದರೆ ಎರಡನ್ನೂ ಸ್ವಲ್ಪಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು. ಬಲವಿದೆಯೆಂದು ಒಂದನ್ನೇ ತಿರುಗಿಸಿದರೆ ಇಂಜೆಕ್ಟರು ಓರೆಯಾಗಿ, ನೋಜಲಿನ ಮೈ ತಿರುಚಿಕೊಂಡು ಒಳಗಿನ ಸೂಜಿ ಹಿಡಿದುಕೊಳ್ಳುತ್ತದೆ. ಟಾರ್ಕ್ ಪಾನಾ ಇರುವ ಮೇಸ್ತ್ರಿಯಾದರೆ ಒಳ್ಳೆಯದು. ಪೈಪಿನ ನಟ್ಟುಗಳನ್ನು ಮೊದಲು ಕೈಬೆರಳಿನಿಂದಲೇ ಮೂರು ನಾಲ್ಕು ಸುತ್ತು ತಿರುಗಿಸಿ ಆಮೇಲೆ ಪಾನಾ ಹಾಕಿ.

ನಂತರ ಗಾಳಿ ತೆಗೆಯುವುದು. ಪೈಪುಗಳಲ್ಲಿ ಗಾಳಿ ನಿಂತಿದ್ದರೆ ಪಂಪು ಅದನ್ನೇ ಅದುಮುತ್ತ ಕೂರುತ್ತದೆ, ಡೀಸೆಲ್ ಹೋಗುವುದಿಲ್ಲ. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೂ ಬಿಟ್ಟು, ಬಿಗಿಯಿರಿ. ದೊಡ್ಡ ಪಂಪಿನ ತಿರುಪಿನಲ್ಲಿಯೂ ಹಾಗೆಯೇ. ಆಮೇಲೆ ಇಂಜೆಕ್ಟರ್ ಕಡೆಯ ನಟ್ಟುಗಳನ್ನು ಒಂದು ಸುತ್ತು ಸಡಿಲ ಬಿಟ್ಟು ಸ್ಟಾರ್ಟರ್ ಹೊಡೆಯಿರಿ. ನಾಲ್ಕೂ ಕಡೆ ಡೀಸೆಲ್ ಒಸರಿದ ಮೇಲೆ ಬಿಗಿದು ಚಾಲೂ ಮಾಡುವುದು. ಸ್ಟಾರ್ಟರನ್ನು ಒಂದೇ ಸಮನೆ ಹೊಡೆದು ಸುಡಬೇಡಿ, ಹತ್ತು ಸೆಕೆಂಡು ಹೊಡೆದು ಅರ್ಧ ನಿಮಿಷ ಬಿಡಿ. ಎಂಜಿನ್ ಓಡಿದ ಮೇಲೆ ರಟ್ಟಿನ ತುಂಡು ಹಿಡಿದು ಸೋರಿಕೆ ನೋಡಿ. ಆಯಿಲಿಗೆ ಡೀಸೆಲ್ ಇಳಿದಿತ್ತೆಂದು ಅನುಮಾನವಿದ್ದರೆ ಚಾಲೂ ಮಾಡುವ ಮುಂಚೆಯೇ ಆಯಿಲ್ ಬದಲಿಸಿ.

ಡ್ರಮ್ಮಿನೊಳಗಿನ ಕಳ್ಳ

ಈಗ ನಮ್ಮ ಕಥೆಯ ಉಳಿದ ಭಾಗ. ಬಂಕು ದೂರವೆಂದು ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟುಕೊಳ್ಳುವುದು ಬಹಳ ಮನೆಗಳಲ್ಲಿ ರೂಢಿ. ನಮ್ಮದು ಮನೆಯ ಹಿಂದೆ, ಸೂರಿನಿಂದ ಸ್ವಲ್ಪ ಹೊರಗೆ, ನೆಟ್ಟಗೆ ನಿಂತಿತ್ತು. ಬಿರಡೆ ಗಟ್ಟಿಯಾಗಿ ಹಾಕಿದ್ದೆವು. ನೀರು ಒಳಗೆ ಹೋಗಲು ಸಾಧ್ಯವೇ ಇಲ್ಲವೆಂದು ನಂಬಿದ್ದೆವು.

ಆದದ್ದು ಹೀಗೆ. ನೆಟ್ಟಗೆ ನಿಂತ ಡ್ರಮ್ಮಿನ ತಲೆಯ ಮೇಲೆ, ಅಂಚಿನ ಒಳಗೆ, ಮಳೆನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಬಿಸಿಲು ಬಿದ್ದಾಗ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಮರೆಯ ಸಂದಿನಿಂದ ಹೊರಗೆ ಹೋಗುತ್ತದೆ. ಸಂಜೆ ಮಳೆ ಹೊಡೆದು ತಣ್ಣಗಾದೊಡನೆ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸುತ್ತ ನಿಂತಿದ್ದ ನೀರನ್ನೇ ಒಳಕ್ಕೆ ಹೀರುತ್ತದೆ. ದಿನಕ್ಕೆ ಕೆಲವು ಹನಿಗಳಾದರೂ ಮಳೆಗಾಲ ನಾಲ್ಕು ತಿಂಗಳು. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ. ಕೊಯಿಲು ಶುರುವಾಗುವ ಹೊತ್ತಿಗೆ ನಾವು ಮಾಡುತ್ತಿದ್ದುದೇನು? ಡ್ರಮ್ಮನ್ನು ಬಗ್ಗಿಸಿ, ತಳದಲ್ಲಿ ಉಳಿದ ಹತ್ತು ಲೀಟರನ್ನೂ ವ್ಯರ್ಥ ಮಾಡದೆ ಲಾರಿಗೆ ಸುರಿಯುತ್ತಿದ್ದೆವು. ಹೊಸ ನೋಜಲುಗಳಿಗೆ ನಾವೇ ನೀರು ಕುಡಿಸಿದ್ದೆವು.

ಆ ಮೇಲೆ ಡ್ರಮ್ಮನ್ನು ಮಾಡಿನ ಒಳಗೆ ತಂದು, ಎರಡು ಮರದ ದಿಮ್ಮಿಗಳ ಮೇಲೆ ಅಡ್ಡ ಮಲಗಿಸಿದ್ದೇವೆ, ಎರಡೂ ಬಿರಡೆಗಳು ಒಂದೇ ಮಟ್ಟದಲ್ಲಿ ಡೀಸೆಲಿನ ಕೆಳಗೆ ಬರುವಂತೆ. ತುಂಬಿಸಿ ತಂದ ಡ್ರಮ್ಮನ್ನು ಒಂದು ದಿನ ಅಲುಗಾಡಿಸದೆ ಬಿಟ್ಟ ಮೇಲೆಯೇ ಡೀಸೆಲ್ ತೆಗೆಯುವುದು. ತೆಗೆಯುವ ಪೈಪಿನ ಬಾಯಿ ತಳದಿಂದ ನಾಲ್ಕು ಬೆರಳು ಮೇಲಿರಬೇಕು. ತಳದ್ದನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಇಟ್ಟರೆ ನೀರು ಬೇರೆಯಾಗಿ ಕಾಣುತ್ತದೆ. ಲಾರಿಯ ಟ್ಯಾಂಕಿನ ತಳದ ತಿರುಪನ್ನೂ ಫಿಲ್ಟರಿನ ಕೆಳಗಿನ ತಿರುಪನ್ನೂ ತೆರೆದು ಹೀಗೆಯೇ ನೋಡಬೇಕು. ಹೊಸ ನೋಜಲ್ ಹಾಕುವ ದಿನ ಟ್ಯಾಂಕು ತೊಳೆಸಿ, ಫಿಲ್ಟರಿನ ಒಳತಿರುಳು ಹೊಸದು ಹಾಕಿಸದಿದ್ದರೆ ನೋಜಲಿಗೆ ಕೊಟ್ಟ ಹಣ ನೀರಿಗೆ ಹಾಕಿದಂತೆಯೇ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು ತುಂಬಿಸಿ ನಿಲ್ಲಿಸಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವವೇ ರಾತ್ರಿ ಬೆವರಿ ನೀರಾಗಿ ಇಳಿಯುತ್ತದೆ.

ಪಾತ್ರೆಯ ಬಗ್ಗೆಯೂ ಒಂದು ಮಾತು. ಮೈಲುತುತ್ತು ಕರಗಿಸಿದ ಕ್ಯಾನಿನಲ್ಲಿ ಡೀಸೆಲ್ ತರುವುದನ್ನು ನೋಡಿದ್ದೇವೆ. ತಾಮ್ರದ ಅಂಶ ಸೇರಿದ ಡೀಸೆಲ್ ಬೇಗ ಹಳಸಿ ಅಂಟು ಕಟ್ಟುತ್ತದೆ. ಸತುವಿನ ಲೇಪವಿರುವ ಜಿ.ಐ. ಬಕೆಟ್ಟೂ ಡೀಸೆಲಿಗೆ ಆಗದು, ಸತುವು ಡೀಸೆಲಿನೊಂದಿಗೆ ಸೇರಿ ಸಾಬೂನಿನಂತಹ ವಸ್ತುವಾಗಿ ನೋಜಲಿನ ತೂತು ಕಟ್ಟುತ್ತದೆ. ಡೀಸೆಲಿಗೇ ಮೀಸಲಾದ ಪ್ಲಾಸ್ಟಿಕ್ ಕ್ಯಾನು, ನಯವಾದ ಜಾಲರಿಯಿರುವ ಆಲಿಕೆ ಇದ್ದರೆ ಸಾಕು. ಸೀಮೆಎಣ್ಣೆ ಬೆರೆಸುವ ಹಳೆಯ ಚಟವಂತೂ ಬೇಡ. ಪಂಪಿಗೂ ನೋಜಲಿಗೂ ಬೇರೆ ಎಣ್ಣೆ ಹಾಕುವ ಏರ್ಪಾಡಿಲ್ಲ, ಹಾದುಹೋಗುವ ಡೀಸೆಲಿನ ಜಿಡ್ಡೇ ಅವಕ್ಕೆ ಎಣ್ಣೆ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಸಾಲದು.

ಡ್ರಮ್ಮಿನಲ್ಲಿ ನೀರು ಕಂಡವರು ಇನ್ನೊಂದನ್ನು ಮರೆಯಬಾರದು. ಅದೇ ಡೀಸೆಲ್ ಪಲ್ಪರಿನ ಎಂಜಿನ್ನಿಗೂ ಸ್ಪ್ರಿಂಕ್ಲರ್ ಪಂಪಿಗೂ ಹೋಗಿರುತ್ತದೆ. ಅವುಗಳಲ್ಲಿಯೂ ಇಂತಹದೇ ನೋಜಲ್ ಇದೆ, ಸಿಲಿಂಡರು ಒಂದೇ ಆದ್ದರಿಂದ ಕೆಟ್ಟರೆ ಕುಂಟುವುದಿಲ್ಲ, ನಿಂತೇ ಹೋಗುತ್ತದೆ. ಫೆಬ್ರವರಿಯಲ್ಲಿ ಹೂವಿಗೆ ನೀರು ಕೊಡುವ ದಿನದವರೆಗೆ ಕಾಯದೆ, ಲಾರಿಯ ಟ್ಯಾಂಕು ತೊಳೆಸುವ ದಿನವೇ ಅವುಗಳ ಟ್ಯಾಂಕನ್ನೂ ಬರಿದುಮಾಡಿ ತೊಳೆದು, ಫಿಲ್ಟರು ಬಿಚ್ಚಿ ನೋಡಿಬಿಡಿ.